ಹೊಳೆ ಐದು ದಿನದಲ್ಲಿ ಇಳಿಯಿತು, ಗಿರಣಿಯ ನೆಲ ಇನ್ನೂ ಇಳಿಯುತ್ತಿದೆ

ಗಿರಣಿಯ ಒಡತಿ, ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಗೆ ಹತ್ತಿಕೊಂಡಿರುವ ಊರೊಂದರಲ್ಲಿ ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ಮಾವನವರು ಹಾಕಿದ ಗಿರಣಿ. ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಜೋಳಕ್ಕೊಂದು, ಗೋಧಿಗೊಂದು ಕಲ್ಲು, ಖಾರ ಕುಟ್ಟುವ ಯಂತ್ರ, ಬೇಸಿಗೆಯಲ್ಲಿ ಶಾವಿಗೆ ಯಂತ್ರ. ಇದರ ಮೇಲೆ ನಮ್ಮ ಮನೆಯ ಐದು ಜನರ ಜೀವನ ನಡೆಯುತ್ತದೆ, ಕೆಲಸಕ್ಕೆ ಬರುವ ಹುಡುಗನ ಮನೆಯೂ ನಡೆಯುತ್ತದೆ.

2019ರ ಆಗಸ್ಟ್‌ನ ಮಹಾಪೂರದಲ್ಲಿ ಗಿರಣಿಯೊಳಗೆ ಎದೆಮಟ್ಟ ನೀರು ನಿಂತಿತ್ತು. ಆಗ ಮೋಟಾರು ಕೆಟ್ಟಿತು, ಕಾಳು ಕೊಳೆಯಿತು, ಆದರೆ ನೆಲ ಗಟ್ಟಿಯಾಗಿಯೇ ಇತ್ತು. 2024ರ ಜುಲೈ ಕೊನೆಯ ವಾರದಲ್ಲಿ ಮತ್ತೆ ಹೊಳೆ ಬಂದಾಗ ನೀರು ಮೊಣಕಾಲಿನಷ್ಟೇ ಇತ್ತು, ಐದನೆಯ ದಿನ ಇಳಿಯಿತು. ಮುಂಚೆಯೇ ಮೋಟಾರು ಬಿಚ್ಚಿ ಅಟ್ಟಕ್ಕೆ ಏರಿಸಿದ್ದರಿಂದ ಈ ಸಲ ಪಾರಾದೆವು ಎಂದೇ ತಿಳಿದಿದ್ದೆವು. ಪಂಚನಾಮೆಗೆ ಬಂದವರು ಗೋಡೆಯ ಮೇಲಿನ ನೀರಿನ ಗುರುತು ನೋಡಿ, ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಂಡು ಹೋದರು. ಅಂದಿಗೆ ಆ ಮಾತು ಸುಳ್ಳಾಗಿರಲಿಲ್ಲ. ನಾನೂ ಸಹಿ ಹಾಕಿದೆ.

ಸಂಕ್ರಾಂತಿಯ ಹೊತ್ತಿಗೆ ಜೋಳದ ಕಲ್ಲನ್ನು ತಿರುಗಿಸುವ ಪಟ್ಟಾ (ಬೆಲ್ಟು) ಒಂದೇ ಬದಿಗೆ ಸರಿದು ಕಳಚಿಕೊಳ್ಳತೊಡಗಿತು. ಹೊಸ ಪಟ್ಟಾ ಹಾಕಿಸಿದೆ, ಕಲ್ಲಿಗೆ ಮತ್ತೊಮ್ಮೆ ಉಳಿ ಹೊಡೆಸಿದೆ, ಆದರೂ ಹಿಟ್ಟು ಒಮ್ಮೆ ನುಣ್ಣಗೆ, ಒಮ್ಮೆ ತರಿತರಿಯಾಗಿ ಬರುತ್ತಿತ್ತು. ಹಿಟ್ಟಿಗೆ ಜಿಗಿ ಇಲ್ಲ, ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ ಎಂದು ಓಣಿಯ ಹೆಣ್ಣುಮಕ್ಕಳು ಹೇಳಿದಾಗ ನಾನು ಕಾಳಿನ ದೋಷವೆಂದುಕೊಂಡೆ. ಕೊನೆಗೆ ಗೌಂಡಿಯವರು ಬಂದು ಕಲ್ಲಿನ ಅಡಿಯ ಕಟ್ಟೆಯ ಮೇಲೆ ರಸಮಟ್ಟ ಇಟ್ಟರು. ಅದರೊಳಗಿನ ಗುಳ್ಳೆ ಒಂದು ತುದಿಗೆ ಓಡಿ ಅಲ್ಲೇ ನಿಂತಿತು. ಇಂದು ಆ ಕಟ್ಟೆ ಹಿಂಗೋಡೆಯ ಕಡೆಗೆ ಮೂರು ಬೆರಳಿನಷ್ಟು ಕುಗ್ಗಿದೆ. ಶಹಾಬಾದ ಫರಸಿಗಳು ನಡುವೆ ಬಾಯಿ ಬಿಟ್ಟಿವೆ. ಕಿಟಕಿಯ ಮೂಲೆಯಿಂದ ಮಾಳಿಗೆಯವರೆಗೆ ಓರೆಯಾಗಿ ಬಿರುಕು ಹೋಗಿದೆ, ಅದರೊಳಗೆ ನನ್ನ ಕಿರುಬೆರಳು ಹೋಗುತ್ತದೆ. ಜೋಳದ ಕಲ್ಲನ್ನು ನಿಲ್ಲಿಸಿ ನಾಲ್ಕು ತಿಂಗಳಾಯಿತು.

ಹೊಳೆ ಇಳಿದು ಇಂದಿಗೆ ಹದಿನಾಲ್ಕು ತಿಂಗಳು. ಏಳು ಅರ್ಜಿ ಕೊಟ್ಟಿದ್ದೇನೆ. ಊರಿನ ಆಡಳಿತದವರು ಇದು ನೆರೆಯ ಹಾನಿ, ಕಂದಾಯದವರನ್ನು ಕೇಳಿ ಎನ್ನುತ್ತಾರೆ. ಕಂದಾಯದವರು ನೆರೆ ಹಾನಿಯ ಸಮೀಕ್ಷೆ ಅಂದೇ ಮುಗಿದಿದೆ, ನಿಮ್ಮ ಪಂಚನಾಮೆಯಲ್ಲಿ ಹಾನಿಯೇ ಇಲ್ಲವಲ್ಲ ಎನ್ನುತ್ತಾರೆ. ಹಿಂಗೋಡೆಯ ಆಚೆ ಗಟಾರವಿದೆ, ಅದರ ಪಕ್ಕದಲ್ಲಿಯೇ ಕುಡಿಯುವ ನೀರಿನ ಪೈಪು ಹೋಗಿದೆ. ಅದನ್ನಾದರೂ ಬಂದು ನೋಡಿರೆಂದರೆ ಅದು ಬೇರೆ ವಿಭಾಗ ಎಂಬ ಉತ್ತರ ಬರುತ್ತದೆ. ಒಬ್ಬ ಅಧಿಕಾರಿ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಎರಡು ಫೋಟೊ ತೆಗೆದುಕೊಂಡು ಹೋದರು, ಅದರ ನಂತರ ಸುದ್ದಿಯಿಲ್ಲ. ಮುದ್ರಾ ಯೋಜನೆಯಲ್ಲಿ ತೆಗೆದ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ನೆಲ ಏಕೆ ಕುಸಿಯುತ್ತಿದೆ, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಸಿವಿಲ್ ಎಂಜಿನಿಯರ್, ಬಾಗಲಕೋಟೆ

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು, ಒಂದೇ ಬದಿಗೆ ಕುಗ್ಗಿದ ಕಟ್ಟೆ, ಇವೆರಡೂ ತಳಪಾಯದ ಒಂದು ಭಾಗ ಉಳಿದ ಭಾಗಕ್ಕಿಂತ ಹೆಚ್ಚು ಕೆಳಗಿಳಿದಿರುವುದರ ಲಕ್ಷಣ. ಗಿಲಾವಿನ ದೋಷವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಾರಣ ಒಂದೇ ಇರಲಿಕ್ಕಿಲ್ಲ. ನಮ್ಮ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ; ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಗುಣ ಅದು. ಈ ಉಬ್ಬುವಿಕೆ ಕುಗ್ಗುವಿಕೆ ಸುಮಾರು ಮೂರು, ಮೂರೂವರೆ ಮೀಟರ್ ಆಳದವರೆಗೂ ನಡೆಯುತ್ತದೆ, ಹಳೆಯ ಕಟ್ಟಡಗಳ ಪಾಯ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ. ಆದ್ದರಿಂದ ಆಗಸ್ಟ್‌ನಲ್ಲಿ ಕಟ್ಟಡ ಸುಸ್ಥಿತಿಯಲ್ಲಿ ಕಂಡದ್ದು ಆಶ್ಚರ್ಯವಲ್ಲ. ಆಗ ಮಣ್ಣು ಉಬ್ಬಿ ಕಟ್ಟಡವನ್ನು ಎತ್ತಿ ಹಿಡಿದಿತ್ತು. ಅದು ಒಣಗಿ ಕೈಬಿಟ್ಟದ್ದು ಚಳಿಗಾಲದ ಹೊತ್ತಿಗೆ, ನಿಮ್ಮ ಪಟ್ಟಾ ಕಳಚತೊಡಗಿದ ದಿನಗಳಲ್ಲಿ. ಇಂಥ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಪಾಯವನ್ನು ರೂಪಿಸಿದರು. ಆ ಗಡ್ಡೆ ಸಾಮಾನ್ಯವಾಗಿ ಕಂಬದ ವ್ಯಾಸದ ಎರಡೂವರೆ ಪಟ್ಟು ಇರುತ್ತದೆ. ಹೊಸದಾಗಿ ಕಟ್ಟುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದಂಡೆಯ ಮೇಲೆ ಇನ್ನೊಂದು ತೊಂದರೆಯಿದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದಿಂದ ಬಿಡುವ ನೀರು ಕಡಿಮೆಯಾದರೆ ಹೊಳೆ ಬೇಗ ಇಳಿಯುತ್ತದೆ, ಆದರೆ ದಂಡೆಯ ಮಣ್ಣು ಕುಡಿದ ನೀರನ್ನು ಅಷ್ಟು ಬೇಗ ಬಿಡುವುದಿಲ್ಲ. ಹೊರಗಿನಿಂದ ಆನಿಕೆಯಾಗಿದ್ದ ನೀರು ಹೋಗಿ, ಒಳಗಿನ ನೀರು ಹಾಗೆಯೇ ಉಳಿದಾಗ ಮಣ್ಣು ಹೊಳೆಯ ಕಡೆಗೆ ಜರಿಯುತ್ತದೆ.

ನಿಮ್ಮ ಬರಹದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಹಿಂಗೋಡೆಯ ಆಚೆಯ ಗಟಾರ ಮತ್ತು ಪೈಪು. ಪೈಪಿನ ಜೋಡಣೆ ಸಡಿಲಾಗಿ ನೀರು ಸೋರುತ್ತಿದ್ದರೆ ಅದು ನುಣ್ಣನೆಯ ಮಣ್ಣನ್ನು ದಿನವೂ ಸ್ವಲ್ಪ ಸ್ವಲ್ಪ ಒಯ್ದು ಒಡೆದ ಗಟಾರಕ್ಕೆ ಸೇರಿಸುತ್ತದೆ, ಮೇಲೆ ಫರಸಿ ಹಾಗೆಯೇ ಇದ್ದು ಅಡಿಯಲ್ಲಿ ಪೊಳ್ಳು ಬೆಳೆಯುತ್ತದೆ. ಕಬ್ಬಿಣದ ಸರಳಿನ ತುದಿಯಿಂದ ನೆಲವನ್ನು ಮೊಳಕ್ಕೊಂದರಂತೆ ಬಡಿಯುತ್ತಾ ಹೋಗಿ. ಪೊಳ್ಳಿದ್ದಲ್ಲಿ ಸದ್ದು ಬೇರೆಯಾಗುತ್ತದೆ, ಅಲ್ಲಿ ಸುಣ್ಣದ ಗುರುತು ಹಾಕಿ. ಗೋಡೆಯ ಬುಡದಲ್ಲಿ ಜಿನುಗುವ ನೀರನ್ನು ಕ್ಲೋರಿನ್ ಪರೀಕ್ಷೆಗೆ ಕೊಡಿ. ಕ್ಲೋರಿನ್ ಕಂಡರೆ ಅದು ನಳದ ನೀರು ಎನ್ನುವುದಕ್ಕೆ ಬಲವಾದ ಆಧಾರವಾಗುತ್ತದೆ. ಕಾಣದಿದ್ದರೆ ಸೋರಿಕೆ ಇಲ್ಲವೆಂದು ಅರ್ಥವಲ್ಲ, ಏಕೆಂದರೆ ಮಣ್ಣಿನಲ್ಲಿ ಹಾಯ್ದು ಬರುವಾಗ ಕ್ಲೋರಿನ್ ಕಳೆದುಹೋಗುತ್ತದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಕೂಡಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಚಲನೆ ನಿಂತಿಲ್ಲವೆಂದು ತಿಳಿಯುತ್ತದೆ. ನಾವು ಸೇವೆಯಲ್ಲಿದ್ದಾಗ ಹಳೆಯ ಕಟ್ಟಡಗಳಿಗೆ ಮಾಡುತ್ತಿದ್ದುದೂ ಇದನ್ನೇ. ಖರ್ಚು ನೂರು ರೂಪಾಯಿಯೂ ಆಗುವುದಿಲ್ಲ.

ಒಂದು ಕೋರಿಕೆ. ನೀರಿನ ಮೂಲ ಸಿಗುವವರೆಗೆ ಮೇಲಿಂದ ಕಾಂಕ್ರೀಟ್ ಸುರಿಸಬೇಡಿ. ಅಡಿಯಲ್ಲಿ ಪೊಳ್ಳಿದ್ದರೆ ಆ ಭಾರವೇ ನೆಲವನ್ನು ಒಳಗೆಳೆಯುತ್ತದೆ.

ಕುಣಿ ಮಗ್ಗದ ನೇಕಾರ, ಮಲಪ್ರಭಾ ದಂಡೆ, ಬಾಗಲಕೋಟೆ ಜಿಲ್ಲೆ

ಅಕ್ಕಾ, ನಿಮ್ಮ ಕಷ್ಟ ನಮಗೆ ಚೆನ್ನಾಗಿ ಗೊತ್ತು. ನಮ್ಮ ಮಗ್ಗದಲ್ಲಿ ಕಾಲುಮಣೆ ತುಳಿಯಲು ನೆಲದೊಳಗೆ ಕುಣಿ ಇರುತ್ತದೆ. 2019ರಲ್ಲಿ ಹೊಳೆ ಬಂದಾಗ ನೀರು ಮೊದಲು ನಿಂತದ್ದು ಅಲ್ಲಿ, ಕೊನೆಗೆ ಹೋದದ್ದೂ ಅಲ್ಲಿಂದಲೇ. ಮನೆಯ ನೆಲ ಒಣಗಿದ ಮೇಲೆಯೂ ಹೋಳಿ ಹುಣ್ಣಿಮೆಯವರೆಗೆ ಕುಣಿಯಲ್ಲಿ ಒರತೆ ಬರುತ್ತಿತ್ತು, ಆಮೇಲೆ ಅದರ ಒಂದು ಬದಿಯ ಗೋಡೆ ಕಳಚಿ ಬಿದ್ದು ಮಗ್ಗದ ಕಂಬ ವಾಲಿತು. ಕಂಬ ಒಂದು ಬೆರಳು ವಾಲಿದರೂ ಹಾಸು (ಉದ್ದದ ಎಳೆಗಳು) ಒಂದು ಬದಿಗೆ ಬಿಗಿ, ಇನ್ನೊಂದು ಬದಿಗೆ ಸಡಿಲಾಗಿ ಸೀರೆಯ ಅಂಚು ಕೆಡುತ್ತದೆ. ಕಂಬ ವಾಲುವ ಹೊತ್ತಿಗೆ ಸಮೀಕ್ಷೆಯವರು ಬಂದುಹೋಗಿ ಏಳು ತಿಂಗಳಾಗಿತ್ತು.

ಕಂದಾಯ ಇಲಾಖೆಯ ನಿವೃತ್ತ ನೌಕರ, ವಿಜಯಪುರ

ನಾನು ತಲಾಠಿಯಾಗಿ, ಅಂದರೆ ಗ್ರಾಮ ಲೆಕ್ಕಿಗನಾಗಿ, ಸೇವೆಗೆ ಸೇರಿದವನು. ಹತ್ತಾರು ಪಂಚನಾಮೆ ಬರೆದಿದ್ದೇನೆ, ಆದ್ದರಿಂದ ಕಾಗದದ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ನೆರೆಯ ಪರಿಹಾರ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ. 2022-23ರಿಂದ 2025-26ರ ಅವಧಿಗೆ ನಿಗದಿಯಾದ ಪಟ್ಟಿಯಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ ಇದೆ, ಬೆಳೆಗೆ ಇದೆ, ದನಕರುಗಳಿಗೆ ಇದೆ. ಕೈಮಗ್ಗ ಮತ್ತು ಕರಕುಶಲದವರಿಗೆ ಉಪಕರಣಕ್ಕೆ 5,000, ಕಚ್ಚಾ ಮಾಲು ಮತ್ತು ತಯಾರಾದ ಮಾಲಿಗೆ 5,000 ಇದೆ. ಅಂಗಡಿ, ಗಿರಣಿ, ಹೋಟೆಲು ಎಂಬ ಸಾಲೇ ಆ ಪಟ್ಟಿಯಲ್ಲಿ ಇಲ್ಲ. ರಾಜ್ಯ ಸರ್ಕಾರ ತನ್ನ ಹಣ ಸೇರಿಸಿ ಹೆಚ್ಚು ಕೊಡಬಹುದು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದ್ದು ಹಾಗೆಯೇ. ಆದರೆ ಸ್ಥಳಕ್ಕೆ ಹೋದ ನೌಕರನ ಕೈಯಲ್ಲಿರುವ ನಮೂನೆಯಲ್ಲಿ ಅಂಗಡಿಗೆ ಅಂಕಣವಿಲ್ಲದಿದ್ದರೆ ಅವನು ಬರೆಯುವುದಾದರೂ ಎಲ್ಲಿ? ಇದನ್ನು ನೌಕರರ ಪರವಾಗಿ ಹೇಳುತ್ತಿಲ್ಲ. ನಿಮ್ಮ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವುದರ ನಿಜವಾದ ಕಾರಣ ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಕೇಂದ್ರ ಅಧಿಸೂಚಿಸಿದ ಹನ್ನೆರಡು ವಿಪತ್ತುಗಳಲ್ಲಿ ನೆರೆ ಇದೆ, ಭೂಕುಸಿತ ಇದೆ, ಆದರೆ ನೆಲ ನಿಧಾನವಾಗಿ ಕೆಳಗಿಳಿಯುವುದು ಇಲ್ಲ. ಗುಡ್ಡ ಜರಿಯುವುದನ್ನೇ ಅಲ್ಲಿ ಭೂಕುಸಿತ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ನೂರಾರು ಮನೆಗಳು ಬಿರುಕುಬಿಟ್ಟಾಗ ಇಡೀ ದೇಶ ಈ ಸಂಗತಿಯನ್ನು ನೋಡಿತು. ನಮ್ಮ ಹೊಳೆದಂಡೆಯಲ್ಲಿ ಒಂದು ಗಿರಣಿ, ಎರಡು ಮಗ್ಗ ಎಂದು ಬಿಡಿಬಿಡಿಯಾಗಿ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಧಿಯ ಶೇ. 10ರಷ್ಟನ್ನು ರಾಜ್ಯ ತಾನೇ ಅಧಿಸೂಚಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಲು ಅವಕಾಶವಿದೆ, ಆ ದಾರಿ ಮುಚ್ಚಿಲ್ಲ.

ನನ್ನ ಅನುಭವದಿಂದ ಒಂದು ಮಾತು. ಎರೆಭೂಮಿಯ ಊರುಗಳಲ್ಲಿ ನೆರೆಯ ಪಂಚನಾಮೆಯನ್ನು ಎರಡು ಸಲ ಮಾಡಬೇಕು: ಒಮ್ಮೆ ನೀರು ಇಳಿದಾಗ, ಮತ್ತೊಮ್ಮೆ ಬೇಸಿಗೆಯಲ್ಲಿ ನೆಲ ಒಣಗಿದ ಮೇಲೆ. ಈಗಿನ ಪದ್ಧತಿಯಲ್ಲಿ ನೀರು ಮಾಡಿದ ಹಾನಿ ಮಾತ್ರ ದಾಖಲಾಗುತ್ತದೆ, ನೆಲ ಮಾಡಿದ ಹಾನಿಗೆ ದಾಖಲೆಯೇ ಹುಟ್ಟುವುದಿಲ್ಲ. ತಾಯಿ, ನೀವು ಇನ್ನು ಮುಂದೆ ಪರಿಹಾರ ಕೊಡಿ ಎಂದು ಅರ್ಜಿ ಬರೆಯಬೇಡಿ. ಮರುಪಂಚನಾಮೆ ಮಾಡಿ ಎಂದು ಬರೆಯಿರಿ, ಹಿಂದಿನ ಪಂಚನಾಮೆಯ ಪ್ರತಿ ಮತ್ತು ಆಸ್ತಿಯ ಉತಾರ (ದಾಖಲೆಯ ನಕಲು) ಲಗತ್ತಿಸಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಜಿಲ್ಲಾಧಿಕಾರಿಗಳ ಹೆಸರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ.

ಕಿರಾಣಿ ವ್ಯಾಪಾರಿ, ಹಳೆಯ ಬಾಗಲಕೋಟೆ

ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿದಾಗ ಅದರ ಹಿನ್ನೀರು ನಮ್ಮ ಊರಿನ ಅಂಚಿಗೆ ಬಂದು ನಿಲ್ಲುತ್ತದೆ. ಅಂಗಡಿಯೊಳಗೆ ಒಂದು ಹನಿ ನೀರು ಬರದಿದ್ದರೂ ಗೋಡೆಯ ಬುಡ ತೇವವಾಗಿ ಸಕ್ಕರೆಯ ಚೀಲದ ತಳ ಕರಗುತ್ತದೆ. ಇದನ್ನು ನೆರೆ ಎಂದು ಬರೆದುಕೊಡಿ ಎಂದರೆ ಯಾರೂ ಬರೆಯುವುದಿಲ್ಲ. ತಲಾಠಿ ಸಾಹೇಬರು ಹೇಳಿದ ಎರಡನೆಯ ಪಂಚನಾಮೆಯನ್ನು ಹಿನ್ನೀರಿನ ಊರುಗಳಿಗೂ ಅನ್ವಯಿಸಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ಗಿರಣಿಯ ಒಡತಿ, ಘಟಪ್ರಭಾ ದಂಡೆ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಎಂಜಿನಿಯರ್ ಸಾಹೇಬರು ಹೇಳಿದಂತೆ ಸರಳಿನಿಂದ ನೆಲ ಬಡಿದು ನೋಡಿದೆವು. ಕಟ್ಟೆಯಿಂದ ಹಿಂಗೋಡೆಯವರೆಗೆ ಸುಮಾರು ಆರು ಅಡಿ ಜಾಗದಲ್ಲಿ ಡೊಳ್ಳಿನಂತೆ ಸದ್ದು ಬಂತು. ಆ ಸದ್ದು ಕೇಳಿ ಒಳಗಿನಿಂದ ಅತ್ತೆಯವರು ಬಂದರು. ಅವರು ಈ ಮನೆಗೆ ಸೊಸೆಯಾಗಿ ಬಂದಾಗ ಗಿರಣಿ ಇರಲಿಲ್ಲವಂತೆ, ಈ ಜಾಗ ಹಿತ್ತಲಾಗಿತ್ತಂತೆ, ಇಲ್ಲಿ ಜೋಳ ತುಂಬುವ ಹಗೇವು, ಅಂದರೆ ನೆಲದೊಳಗೆ ತೋಡಿದ ಕಾಳಿನ ಕುಣಿ, ಇತ್ತಂತೆ. ಹಗೇವಿಗೆ ಕಾಳು ತುಂಬುವುದು ನಿಂತ ಮೇಲೆ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿ ಸಮ ಮಾಡಿದ್ದರಂತೆ. ಇಷ್ಟು ವರ್ಷ ಯಾರೂ ಅದನ್ನು ನೆನೆಸಿರಲಿಲ್ಲ.

ನಿವೃತ್ತ ಸಿವಿಲ್ ಎಂಜಿನಿಯರ್, ಬಾಗಲಕೋಟೆ

ತಕ್ಷಣ ಆ ಆರು ಅಡಿಯ ಮೇಲೆ ಯಾರೂ ಕಾಲಿಡದಂತೆ ಮಾಡಿ, ತಂಗಿ. ನಮ್ಮ ಭಾಗದ ಹಳೆಯ ಓಣಿಗಳಲ್ಲಿ ಹಗೇವು ಇಲ್ಲದ ಜಾಗ ಕಡಿಮೆ. ಕೆಲವು ಆಳುದ್ದಕ್ಕಿಂತಲೂ ಆಳವಿರುತ್ತವೆ. ಒಣಗಿದ ಹಗೇವು ಎಷ್ಟು ವರ್ಷವಾದರೂ ನಿಲ್ಲುತ್ತದೆ, ನೀರು ಒಳಹೊಕ್ಕರೆ ಅದರ ಗೋಡೆ ಕಳಚುತ್ತದೆ. 2019ರ ನೀರಿಗೆ ತಡೆದುಕೊಂಡದ್ದು 2024ರ ನಂತರ ಜರಿಯುತ್ತಿದೆ ಎಂದರೆ ಹೊಳೆ ಇಳಿದ ಮೇಲೆಯೂ ಅಲ್ಲಿಗೆ ನೀರು ಬರುತ್ತಲೇ ಇದೆ ಎಂದು ನನ್ನ ಊಹೆ. ಕ್ಲೋರಿನ್ ಪರೀಕ್ಷೆಯನ್ನು ಮರೆಯಬೇಡಿ. ಮೂಲ ಸಿಕ್ಕು ನೀರು ನಿಂತ ಮೇಲೆ ಹಗೇವನ್ನು ಮಣ್ಣಿನಿಂದ ತುಂಬಿಸದೆ, ಮರಳು ಹಾಕಿ ನೀರು ಹಾಯಿಸಿ ಕೂಡಿಸುತ್ತಾ ತುಂಬಿಸಬೇಕು, ಅಥವಾ ತೆಳುವಾದ ಸಿಮೆಂಟು ಮಿಶ್ರಣದಿಂದ ತುಂಬಿಸಬೇಕು.

ವಕೀಲ, ಬೆಳಗಾವಿ

ಅಕ್ಕಾವ್ರೇ, ಮೂರು ವಿಷಯ ಹೇಳಬೇಕಾಗಿದೆ, ಮೊದಲನೆಯದು ತುರ್ತಿನದು. ನೀವು ಸಾಲದಿಂದ ಯಂತ್ರ ತೆಗೆದುಕೊಂಡಿದ್ದರೆ ಬ್ಯಾಂಕಿನವರು ಆ ಯಂತ್ರಗಳಿಗೆ, ಕೆಲವೊಮ್ಮೆ ಕಟ್ಟಡಕ್ಕೂ, ನಿಮ್ಮ ಖಾತೆಯಿಂದಲೇ ವಿಮೆ ಮಾಡಿಸಿರುವ ಸಾಧ್ಯತೆ ಇದೆ. ಖಾತೆಯ ಪುಸ್ತಕದಲ್ಲಿ ವರ್ಷಕ್ಕೊಮ್ಮೆ ವಿಮೆಯ ಕಂತು ಕಡಿತವಾಗಿದೆಯೇ ನೋಡಿ. 2021ರ ಏಪ್ರಿಲ್ 1ರಿಂದ 5 ಕೋಟಿ ರೂಪಾಯಿವರೆಗಿನ ಆಸ್ತಿಯ ಸಣ್ಣ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಜಾರಿಯಲ್ಲಿದ್ದು, ಅದರಲ್ಲಿ ನೆರೆ ಮಾತ್ರವಲ್ಲದೆ ನೆಲ ಕುಸಿಯುವುದೂ ಸೇರಿದೆ. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಹಾನಿ ವಿಮೆಯ ಪಟ್ಟಿಯಲ್ಲಿದೆ ಎಂಬುದು ನಮ್ಮ ವ್ಯಾಪಾರಸ್ಥರಲ್ಲಿ ಬಹಳ ಜನರಿಗೆ ತಿಳಿದಿಲ್ಲ. ತಡವಾಗಿ ತಿಳಿಸಿದಿರಿ ಎಂದು ಕಂಪನಿ ಹೇಳಬಹುದು. ತಡವಾದದ್ದಕ್ಕೆ ನ್ಯಾಯವಾದ ಕಾರಣವಿದ್ದರೆ ಅದೊಂದರಿಂದಲೇ ತಿರಸ್ಕರಿಸಬಾರದೆಂದು ವಿಮಾ ಪ್ರಾಧಿಕಾರವು 2011ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ತುಂಬಿಸಿದ ಮಣ್ಣು ಕುಳಿತದ್ದು ವಿಮೆಗೆ ಬರುವುದಿಲ್ಲ ಎಂಬ ವಾದವನ್ನೂ ಎತ್ತುತ್ತಾರೆ, ಆದ್ದರಿಂದ ನೀರಿನ ಸೋರಿಕೆಯ ಸಾಕ್ಷ್ಯ ನಿಮಗೆ ಬಹಳ ಮುಖ್ಯ. ಒಪ್ಪದಿದ್ದರೆ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಎರಡನೆಯದು ಗಟಾರ ಮತ್ತು ಪೈಪು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಸಾರ್ವಜನಿಕ ಉಪದ್ರವವನ್ನು ತೆಗೆಸುವ ಆದೇಶ ಹೊರಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಳಿಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 133ನೆಯ ಕಲಮಾಗಿತ್ತು. 1980ರಲ್ಲಿ ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು ಇದೇ 133ನೆಯ ಕಲಮಿನಡಿ, ಹಣವಿಲ್ಲ ಎಂಬ ಕಾರಣ ಹೇಳಿ ಚರಂಡಿಯ ಹೊಣೆಯಿಂದ ಪುರಸಭೆ ತಪ್ಪಿಸಿಕೊಳ್ಳುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಓಣಿಯ ಇತರರ ಸಹಿಯನ್ನೂ ಹಾಕಿಸಿ. ಪೊಳ್ಳು ನಿಮ್ಮ ಗೋಡೆಗೇ ನಿಂತಿರುತ್ತದೆ ಎಂದು ಹೇಳಲಾಗದು.

ಮೂರನೆಯದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಆ ಪೈಪು ಹಾಕಿದ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಕೇಳಿ, ನಿಮ್ಮ ಏಳು ಅರ್ಜಿಗಳ ಮೇಲಿನ ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ. ಏಕೆ ಮಾಡಿಲ್ಲ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿದರೆ ಕೊಡಲೇಬೇಕು.

ಗಿರಣಿಯ ಒಡತಿ, ಘಟಪ್ರಭಾ ದಂಡೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಖಾತೆಯ ಪುಸ್ತಕದಲ್ಲಿ ನಾಲ್ಕು ವರ್ಷಗಳಿಂದ ವಿಮೆಯ ಕಂತು ಕಡಿತವಾಗಿದೆ. ಪಾಲಿಸಿಯ ಪ್ರತಿಯನ್ನು ಮೊನ್ನೆಯೇ ಮೊದಲ ಬಾರಿ ಕಣ್ಣಾರೆ ಕಂಡೆ. ಅದರಲ್ಲಿ ಯಂತ್ರಗಳಿವೆ, ಕಟ್ಟಡವಿಲ್ಲ. ಯಂತ್ರಗಳ ಮಟ್ಟಿಗೆ ಹಾನಿಯ ಸೂಚನೆ ಬರೆದು ಕೊಟ್ಟಿದ್ದೇನೆ, ಸರ್ವೇಯರ್ ಬಂದು ನೋಡಿಕೊಂಡು ಹೋಗಿದ್ದಾರೆ.

ಗೌಂಡಿಯವರು ಹೊರಗಿನಿಂದ ಹಲಗೆ ಹಾಕಿಕೊಂಡು ಮೂಲೆಯ ಎರಡು ಫರಸಿ ಎತ್ತಿದರು. ಎರಡು ಅಡಿ ಕೆಳಗೆ ಹಗೇವಿನ ಬಾಯಿಯ ಕಲ್ಲು ಒಂದು ಬದಿಗೆ ವಾಲಿ ಸಿಕ್ಕಿಕೊಂಡಿದೆ, ಅದರ ಪಕ್ಕದಿಂದ ಬ್ಯಾಟರಿ ಬಿಟ್ಟಾಗ ಕೆಳಗೆ ನೀರು ಹೊಳೆಯಿತು. ಬಕೆಟ್ಟಿಗೆ ಹಗ್ಗ ಕಟ್ಟಿ ಆ ನೀರು ಎತ್ತಿ ಪರೀಕ್ಷೆ ಮಾಡಿಸಿದೆವು, ಔಷಧಿಯ ಹನಿ ಬಿದ್ದೊಡನೆ ತಿಳಿ ಹಳದಿಗೆ ತಿರುಗಿತು. ಅಂದರೆ ಅದರಲ್ಲಿ ಕ್ಲೋರಿನ್ ಇದೆ, ಅದು ನಳದ ನೀರು. ಪೈಪಿಗೆ ನೀರು ಬಿಡುವ ದಿನ ಹಗೇವಿನಲ್ಲಿ ಮಟ್ಟ ಏರುತ್ತದೆ, ಬಿಡದ ದಿನ ಇಳಿಯುತ್ತದೆ. ಅತ್ತೆಯವರು ಕೋಲಿಗೆ ಗೀರು ಹಾಕಿ ಎಂಟು ದಿನ ಅಳೆದಿದ್ದಾರೆ.

ಓಣಿಯ ಹತ್ತೊಂಬತ್ತು ಮನೆಗಳವರು ಸಹಿ ಹಾಕಿದ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಕಚೇರಿಗೂ, ಮರುಪಂಚನಾಮೆಯ ಅರ್ಜಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇವೆ. ಸಹಿ ಕೇಳಲು ಹೋದಾಗ ಇನ್ನೂ ಇಬ್ಬರ ಮನೆಯಲ್ಲಿ ಹಿಂಗೋಡೆ ಬಿರಿದಿರುವುದು ತಿಳಿಯಿತು. ಅವರು ಅದನ್ನು ಹಳೆಯ ಮನೆಯ ದೋಷವೆಂದು ಸುಮ್ಮನಿದ್ದರು. ಅವರ ಬಿರುಕುಗಳಿಗೂ ಗಾಜಿನ ಪಟ್ಟಿ ಹಚ್ಚಿದ್ದೇವೆ. ಪೈಪಿನ ದುರಸ್ತಿಗೆ ಇದುವರೆಗೆ ಯಾರೂ ಬಂದಿಲ್ಲ. ಗಿರಣಿಯಲ್ಲಿ ಹಚ್ಚಿದ ಗಾಜು ಹನ್ನೊಂದನೆಯ ದಿನ ಬೆಳಿಗ್ಗೆ ಎರಡು ತುಂಡಾಗಿತ್ತು. ತಾರೀಖು ಕಾಣುವಂತೆ ಫೋಟೊ ತೆಗೆದು, ಅದರ ಪಕ್ಕದಲ್ಲಿಯೇ ಹೊಸ ಗಾಜು ಕೂಡಿಸಿದ್ದೇವೆ.